ಇಟ್ಟಿಗೆಯಲ್ಲಿ ಹಾಕಿದ ಅಂಚು

ಅತ್ತೆಯ ಪೆಟ್ಟಿಗೆಯಿಂದ ಮಾವ ಕಸೂತಿ ಅಂಚಿನ ತುಂಡೊಂದನ್ನು ಕದ್ದು ಕಿಸೆಗೆ ಹಾಕಿಕೊಂಡದ್ದನ್ನು ಸೊಸೆ ಕಣ್ಣಾರೆ ಕಂಡಳು. ಅಂಗಿಯ ಗುಂಡಿ ಕಿತ್ತುಹೋದರೂ ಗಮನಿಸದ ಮನುಷ್ಯನಿಗೆ ಅಂಚು ಯಾಕೆ? ಅವಳ ತಲೆಯಲ್ಲಿ ಹುಳ ಹೊಕ್ಕಂತಾಯಿತು.

ಅತ್ತೆ ಊರಿಗೆಲ್ಲ ಅಂಚು ಹಾಕಿಕೊಟ್ಟವರು. ಫ್ರಾಕು, ಪರದೆ, ದಿಂಬಿನ ಚೀಲ, ಏನು ಕೊಟ್ಟರೂ ಅದರ ತುದಿಯಲ್ಲಿ ಅವರ ಎಸಳು ಮೂಡುತ್ತಿತ್ತು. ಕಣ್ಣು ಹೋದ ಮೇಲೆ ಮಾತ್ರ ಕೋಣೆಯ ಕುರ್ಚಿ ಬಿಟ್ಟು ಏಳಲೊಲ್ಲರು. ಹೀಗೇ ಕೂತರೆ ಕಾಲೂ ಸೋಲುತ್ತದೆ ಎಂದು ವೈದ್ಯರು ಎಚ್ಚರಿಸಿದ್ದರು. ಕೈ ಹಿಡಿದು ಹೊರಗೆ ಕರೆದೊಯ್ಯುತ್ತೇನೆಂದು ಸೊಸೆ ಅಂಗಲಾಚಿದರೆ, "ನಾನೇನು ಮೂಟೇನಾ, ಎತ್ತಿ ಇಳಿಸೋಕೆ?" ಎಂದು ಗದರುತ್ತಿದ್ದರು.

ಮಾವ ಹಿತ್ತಿಲಲ್ಲಿ ಕೂತು ಬಾಗಿಲಿನಿಂದ ನಿಂಬೆಗಿಡದವರೆಗಿನ ಕಾಲುದಾರಿಯ ಇಟ್ಟಿಗೆಗಳನ್ನು ಕೀಳತೊಡಗಿದರು.

"ಚೆನ್ನಾಗೇ ಇತ್ತಲ್ಲ ಮಾವ?"

"ನಿನ್ನ ಕೆಲಸ ನೋಡ್ಕೋ ತಾಯಿ."

ಬಾಯಿ ಬಿಟ್ಟರೆ ಮುತ್ತು ಉದುರೀತು ಎಂಬ ಜಾತಿ ಅವರದು. ಸೊಸೆ ಬಿಡುತ್ತಾಳೆಯೇ? ಬಟ್ಟೆ ಒಣಹಾಕುವ ನೆಪದಲ್ಲಿ ಇಣುಕಿದಳು. ದಾರಿಯ ಅಂಚಿಗೆ ಒಂದು ಇಡೀ ಇಟ್ಟಿಗೆ, ಒಂದು ದುಂಡು ಕಲ್ಲು, ಒಂದು ಅರ್ಧ ಇಟ್ಟಿಗೆ. ಮತ್ತೆ ಇಡೀ ಇಟ್ಟಿಗೆ. ಪಕ್ಕದಲ್ಲಿ ಮಣ್ಣಿನ ಮೇಲೆ ಹರಡಿಟ್ಟಿತ್ತು ಆ ಕದ್ದ ತುಂಡು. ಇಟ್ಟಿಗೆ ಎಸಳು, ಕಲ್ಲು ಗಂಟು: ಅವಳಿಗೆ ಗುಟ್ಟು ಹೊಳೆಯಿತು.

ಕೆಲಸ ಮುಗಿದ ದಿನ ಮಾವ ಕೋಣೆಯ ಬಾಗಿಲಲ್ಲಿ ನಿಂತರು. "ಬಾರೇ. ಕೈ ಹಿಡಿಯಲ್ಲ. ಎಡಗಾಲಲ್ಲಿ ಅಂಚು ಮುಟ್ಕೊಂಡು ನಡಿ, ನಿಂಬೆಗಿಡ ಸಿಗುತ್ತೆ."

"ಇದೇನು ಹೊಸ ಹುಚ್ಚು?" ಎಂದು ಗೊಣಗುತ್ತಲೇ ಅತ್ತೆ ಗೋಡೆ ಹಿಡಿದು ಬಂದರು. ಬರಿಗಾಲನ್ನು ಹೊರಗಿಟ್ಟರು. ಹೆಬ್ಬೆರಳು ಇಟ್ಟಿಗೆಯನ್ನು ಸವರಿತು, ಕಲ್ಲನ್ನು ಸವರಿತು, ನಿಂತಿತು.

"ಇದು ನನ್ನ ಅಂಚು!"

ಮಾವ ಉಬ್ಬಿಹೋದರು. ಅಷ್ಟರಲ್ಲಿ ಅತ್ತೆಯ ಹುಬ್ಬು ಗಂಟಾಯಿತು.

"ದೊಡ್ಡೆಸಳು ಆದ್ಮೇಲೆ ಚಿಕ್ಕೆಸಳು, ಆಮೇಲೆ ಗಂಟು. ಇಲ್ಲಿ ದೊಡ್ಡದಾದ ತಕ್ಷಣ ಗಂಟು ಬಂತಲ್ಲ! ಅಯ್ಯೋ ದೇವರೇ, ತುಂಡನ್ನ ಮಗುಚಿಟ್ಕೊಂಡು ನೋಡಿದ್ದೀರಿ. ಇಷ್ಟು ವರ್ಷ ನನ್ನ ಜೊತೇಲಿದ್ದೂ ಒಳಮೈ ಯಾವ್ದು, ಹೊರಮೈ ಯಾವ್ದು ಗೊತ್ತಾಗ್ಲಿಲ್ವಾ?"

ಮಾವನ ಮುಖ ಹುಳ್ಳಗಾಯಿತು. "ಕಿತ್ತು ಮತ್ತೆ ಹಾಕ್ತೀನಿ ಬಿಡು. ನೀನು ಒಳಗೆ ಹೋಗು."

"ಒಳಗ್ಯಾಕೆ ಹೋಗ್ಲಿ? ಮತ್ತೆ ತಲೆಕೆಳಗು ಮಾಡೋಕಾ?" ಅತ್ತೆ ಸೊಂಟಕ್ಕೆ ಕೈಯಿಟ್ಟರು. "ಇಲ್ಲೇ ಕೂತು ನೋಡ್ತೀನಿ. ಯಾರಾದ್ರೂ ಕುರ್ಚಿ ತನ್ನಿ."

ಸೊಸೆ ಒಳಗೆ ಓಡಿದಳು. ಬೇರೆ ಕುರ್ಚಿಗಳೂ ಇದ್ದವು. ಅವಳು ಅತ್ತೆಯ ಕೋಣೆಯದನ್ನೇ ಎತ್ತಿಕೊಂಡು ಬಂದಳು.