ಒರತೆಯ ಮೇಲಿನ ದೊಡ್ಡಿ

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುತ್ತ ಅರ್ಧ ಆಯುಷ್ಯ ಕಳೆದ ಆಕೆಗೆ ಗುಡ್ಡ ಹತ್ತುವ ಹುಚ್ಚೇನೂ ಇರಲಿಲ್ಲ. ಹುಚ್ಚು ಇದ್ದದ್ದು ಅವಳ ಅಣ್ಣನಿಗೆ. ಅವನು ಪ್ಲಂಬರ್. ರಜೆ ಸಿಕ್ಕರೆ ಸಾಕು, ತನ್ನಂಥವರೇ ನಾಲ್ಕು ಜನರನ್ನು ಕಟ್ಟಿಕೊಂಡು, ರಸ್ತೆ ಮುಗಿದ ಮೇಲೂ ನಡೆಯಬೇಕಾದಂಥ ಊರುಗಳಿಗೆ ಹೋಗಿ ಪುಕ್ಕಟೆಯಾಗಿ ನೀರಿನ ಪೈಪು ಹಾಕಿ ಬರುತ್ತಿದ್ದ. ಮನೆಯ ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಿದ್ದರೂ ಅದನ್ನು ಬಿಗಿ ಮಾಡಲು ಮಾತ್ರ ಅವನಿಗೆ ಪುರುಸೊತ್ತಿರಲಿಲ್ಲ ಎಂಬುದು ಅತ್ತಿಗೆಯ ದೂರು.

ಈ ಸಲ ಅವನು ತಂಗಿಯನ್ನೂ ಎಳೆದುಕೊಂಡು ಬಂದಿದ್ದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಅವನ ತಂಡ ಈ ಗುಡ್ಡದ ಊರಿಗೆ ಮೇಲಿನ ಒರತೆಯ ನೀರನ್ನು ಪೈಪಿನಲ್ಲಿ ಇಳಿಸಿ, ತೊಟ್ಟಿ ಕಟ್ಟಿ, ಓಣಿಗೊಂದು ನಲ್ಲಿ ಕೂರಿಸಿತ್ತು. ಹೆಂಗಸರಿಗೆ ಕೊಡ ಹೊತ್ತು ಏರು ಹತ್ತುವುದು ತಪ್ಪಿತು. ಆದರೆ ಕೆಲವೇ ತಿಂಗಳಲ್ಲಿ ಮಕ್ಕಳಿಗೆ ಭೇದಿ ಶುರುವಾಯಿತು. ಮೊದಮೊದಲು ಯಾರೂ ನೀರಿನ ಮೇಲೆ ಅನುಮಾನಪಡಲಿಲ್ಲ. ಕೈತುಂಬ ನೀರು ಬಂದ ಮೇಲೆ ಕಾಯಿಲೆ ಕಡಿಮೆಯಾಗಬೇಕಲ್ಲ! ಅಣ್ಣ ಬಾಟಲಿಯಲ್ಲಿ ತುಂಬಿ ತಂದ ನೀರನ್ನು ತಂಗಿ ಪರೀಕ್ಷಿಸಿ ನೋಡಿದಳು. ಎರಡು ಸಲ ನೋಡಿದಳು. ಆಮೇಲೆ ಅಣ್ಣನಿಗೆ ಫೋನ್ ಮಾಡಿ, "ಇದು ಕುಡಿಯೋ ನೀರಲ್ಲ ಕಣೋ. ಎಲ್ಲಿ ಕೆಡ್ತಿದೆ ಅಂತ ಅಲ್ಲಿಗೇ ಹೋಗಿ ನೋಡ್ಬೇಕು," ಎಂದಳು.

ಅವರು ಇಳಿದುಕೊಂಡದ್ದು ದೊಡ್ಡಪ್ಪನ ಮನೆಯಲ್ಲಿ. ಆತ ಯಾರಿಗೂ ಸ್ವಂತ ದೊಡ್ಡಪ್ಪನಲ್ಲ, ಊರಿಗೆಲ್ಲ ದೊಡ್ಡಪ್ಪ. ತೊಟ್ಟಿ ಕಟ್ಟಲು ಜಾಗ ಬಿಟ್ಟುಕೊಟ್ಟದ್ದು ಆತನೇ, ಪೈಪುಗಳನ್ನು ಹೆಗಲ ಮೇಲೆ ಹೊತ್ತು ಮೊದಲು ಗುಡ್ಡ ಹತ್ತಿದ್ದೂ ಆತನೇ. ಅಣ್ಣನ ತಂಡಕ್ಕೆ ಆಗ ಹೊತ್ತು ಹೊತ್ತಿಗೆ ಊಟ ಹಾಕಿದ್ದು ಆತನ ಹೆಂಡತಿ ದೊಡ್ಡಮ್ಮ. ಈಗಲೂ ಆಕೆ ಒಲೆಯ ಮುಂದಿನಿಂದ ಏಳದೆಯೇ, "ಬಾರಮ್ಮಾ, ಕೈಕಾಲು ತೊಳ್ಕೊ. ಪೇಟೆಯವರು ಉಣ್ಣೋದು ಗುಬ್ಬಿ ತಿಂದ ಹಾಗೆ, ನಮ್ಮನೇಲಿ ಅದು ನಡೆಯಲ್ಲ," ಎಂದಳು. ಸೊಸೆ ಜಗಲಿಯ ಮೇಲೆ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕುಳಿತಿದ್ದಳು. ಮಗುವಿನ ಕಾಲುಗಳು ಕಡ್ಡಿಯಂತಿದ್ದವು. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಸೊರಗಿದ್ದು ದೊಡ್ಡಪ್ಪನ ಈ ಮೊಮ್ಮಗಳೇ.

ಮರುದಿನ ಆಕೆ ನಲ್ಲಿಯ ನೀರು, ತೊಟ್ಟಿಯ ನೀರು, ಒರತೆಯ ಬಾಯಿಯ ನೀರು ಎಲ್ಲವನ್ನೂ ಬೇರೆ ಬೇರೆ ಶೀಶೆಗಳಲ್ಲಿ ತುಂಬಿ, ಔಷಧ ಬೆರೆಸಿ, ತಂದಿದ್ದ ಪೆಟ್ಟಿಗೆಯಲ್ಲಿ ಬೆಚ್ಚಗಿಟ್ಟಳು. ಕ್ರಿಮಿಗಳಿದ್ದರೆ ಶೀಶೆಯ ನೀರು ಒಂದೆರಡು ದಿನದಲ್ಲಿ ಮಬ್ಬಾಗುತ್ತದೆ. ಫಲಿತಾಂಶ ಬಂದಾಗ ಅಣ್ಣ ಉಸಿರುಬಿಟ್ಟ. ತಪ್ಪು ಅವನ ಪೈಪಿನದಲ್ಲ, ತೊಟ್ಟಿಯದೂ ಅಲ್ಲ. ನೀರು ಒರತೆಯಲ್ಲೇ ಕೆಟ್ಟು ಬರುತ್ತಿತ್ತು.

ಆಕೆ ಒರತೆಯ ಮೇಲಿನ ಬಂಡೆಗಳನ್ನು ಹಿಡಿದು ಹತ್ತಿದಳು. ಬಂಡೆಯ ಹಿಂದೆ ಸಮತಟ್ಟು ಜಾಗದಲ್ಲಿ ಹೊಸ ಕುರಿದೊಡ್ಡಿಯಿತ್ತು. ಬಲವಾದ ಕಂಬಗಳು, ಅಚ್ಚುಕಟ್ಟಾದ ಬೇಲಿ. ಒಂದು ಮೂಲೆಯಲ್ಲಿ ಮೊಣಕಾಲೆತ್ತರದ ಹಿಕ್ಕೆಯ ರಾಶಿ ಕೊಳೆಯುತ್ತಿತ್ತು. ದೊಡ್ಡಿ ತೊಳೆದ ನೀರು ಹರಿದುಹೋಗಲೆಂದು ತೋಡಿದ್ದ ಕಾಲುವೆ ಬಂಡೆಯ ಒಂದು ಬಿರುಕಿನ ಹತ್ತಿರ ಹೋಗಿ ಸುಮ್ಮನೆ ಮಾಯವಾಗಿತ್ತು.

"ಇದು ಯಾರ ದೊಡ್ಡಿ?" ಎಂದಳು.

ಅಣ್ಣ ತಲೆ ಕೆರೆದುಕೊಂಡ. "ದೊಡ್ಡಪ್ಪಂದು. ನೀರು ಸಲೀಸಾಗಿ ಸಿಗ್ತಿದೆ ಅಂತ ಕುರಿ ಜಾಸ್ತಿ ಮಾಡ್ಕೊಂಡ. ಒರತೆಗೆ ಕೈಪಂಪು ಕೂರಿಸಿ ಇಲ್ಲಿಗೆ ಒಂದು ಪೈಪ್ ಎಳೆದುಕೊಟ್ಟಿದ್ದೂ ನಾನೇ."

"ಹಾಗಾದ್ರೆ ಅವರಿಗೆ ಹೇಳ್ಬೇಕು."

"ಏನಂತ ಹೇಳ್ತೀಯ? ಅವರ ಅನ್ನ ಉಂಡು, ಅವರ ಕುರಿಯಿಂದ ಊರಿಗೆ ಕಾಯಿಲೆ ಅಂತೀಯಾ? ಅಲ್ಲ ಅಂತಾದ್ರೆ ಮುಖ ಎಲ್ಲಿ ಇಟ್ಕೊಳ್ಳೋದು?"

ಅದೂ ಸರಿಯೆನ್ನಿಸಿತು. ಸಾಕ್ಷಿಯಿಲ್ಲದೆ ಬಾಯಿ ಬಿಡಬಾರದು ಎಂಬುದು ಆಕೆ ಕೆಲಸದಲ್ಲಿ ಕಲಿತದ್ದು. ನೇರವಾಗಿ ಹೇಳುವ ಧೈರ್ಯವೂ ಬರಲಿಲ್ಲ ಎನ್ನುವುದು ಬೇರೆ ಮಾತು. ನೀರಿನ ಜಾಡು ಹಿಡಿಯಲೆಂದೇ ಆಕೆ ಒಂದು ಬಣ್ಣದ ಪುಡಿ ತಂದಿದ್ದಳು. ಕೈಯಲ್ಲಿ ಕೆಂಪಗಿರುವ ಆ ಪುಡಿ ನೀರಿಗೆ ಬಿದ್ದರೆ ಗಿಣಿಹಸಿರಾಗುತ್ತದೆ. ಹೊಟ್ಟೆಗೆ ಹೋದರೂ ಕೇಡಿಲ್ಲ. ಆ ಮಧ್ಯಾಹ್ನ ಊರಲ್ಲಿ ಯಾರಿಗೂ ಹೇಳದೆ ಅದನ್ನು ಕಾಲುವೆಗೆ ಸುರಿದು ಮೇಲೆ ಎರಡು ಬಕೆಟ್ ನೀರು ಹಾಕಿದಳು. ಬಣ್ಣ ನಲ್ಲಿಗೆ ಬಂದರೂ ನಾಳೆ ತೆಳ್ಳಗೆ ಬಂದೀತು, ನಸುಕಿನಲ್ಲೇ ಎದ್ದು ತೊಟ್ಟಿಯ ವಾಲ್ವ್ ಮುಚ್ಚಿದರಾಯಿತು ಎಂದು ಅಣ್ಣ ತಂಗಿ ಮಾತಾಡಿಕೊಂಡು ಇಳಿದರು.

ಬಂಡೆಯ ಬಿರುಕು ಅವರ ಲೆಕ್ಕಾಚಾರಕ್ಕೆ ಕಾಯಲಿಲ್ಲ. ಸಂಜೆ ದೀಪ ಹಚ್ಚುವ ಮೊದಲೇ ಕೆಳಗಿನ ಓಣಿಯಲ್ಲಿ ಯಾರೋ ಕಿರುಚಿದರು. ಆಮೇಲೆ ಇನ್ನೊಂದು ಓಣಿಯಲ್ಲಿ. ಆಕೆ ಹೊರಗೋಡಿ ಬಂದಾಗ ತೊಟ್ಟಿಯ ಮುಂದೆ ಊರಿಗೆ ಊರೇ ನೆರೆದಿತ್ತು. ಪ್ರತಿಯೊಂದು ಕೊಡದಲ್ಲೂ ಪ್ರತಿಯೊಂದು ಬಕೆಟಿನಲ್ಲೂ ಕಣ್ಣಿಗೆ ಹೊಡೆಯುವ ಹಸಿರು ನೀರು.

"ವಿಷ ಹಾಕಿದ್ದಾರೆ!" ಎಂದು ಕುಲುಮೆಯ ಕಮ್ಮಾರ ಕೂಗುತ್ತಿದ್ದ. "ಆ ಹೆಂಗಸು ಶೀಶೆ ಹಿಡ್ಕೊಂಡು ಓಡಾಡಿದ್ದನ್ನ ನಾನೇ ನೋಡ್ದೆ. ಪುಕ್ಕಟೆ ಕೆಲಸ ಮಾಡೋಕೆ ಬರೋರನ್ನ ನಂಬಬಾರ್ದು ಅಂತ ಅವತ್ತೇ ಬಡ್ಕೊಂಡೆ!"

ಆಕೆ ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ದೊಡ್ಡಪ್ಪ ಜನರನ್ನು ಸೀಳಿಕೊಂಡು ಮುಂದೆ ಬಂದು ಆಕೆಗೂ ಕಮ್ಮಾರನಿಗೂ ನಡುವೆ ನಿಂತ.

"ಬಾಯಿಗೆ ಬಂದ ಹಾಗೆ ಮಾತಾಡ್ಬೇಡ. ಇವರು ನನ್ನ ಮನೇಲಿ ಇರೋರು. ಇವರು ವಿಷ ಹಾಕೋ ಜನ ಅಲ್ಲ."

"ಹಾಗಾದ್ರೆ ನೀನೇ ಕುಡಿ ನೋಡೋಣ!"

ದೊಡ್ಡಪ್ಪ ಹಿಂದುಮುಂದು ನೋಡಲಿಲ್ಲ. ಯಾರದೋ ಕೈಯಿಂದ ಚೊಂಬು ಕಿತ್ತುಕೊಂಡು, ನಲ್ಲಿಗೆ ಹಿಡಿದು, ಗಟಗಟನೆ ಅಷ್ಟನ್ನೂ ಕುಡಿದು ಚೊಂಬನ್ನು ಬೋರಲು ಹಾಕಿ ತೋರಿಸಿದ. ಅವನ ಬಿಳಿ ಮೀಸೆ ಹಸಿರಾಗಿತ್ತು. ಯಾರೋ ಚಿಕ್ಕವರು ಕಿಸಕ್ಕನೆ ನಕ್ಕು ಬೈಸಿಕೊಂಡರು.

ಇನ್ನು ತಡೆಯಲಾಗಲಿಲ್ಲ. "ದೊಡ್ಡಪ್ಪಾ, ಅದು ವಿಷ ಅಲ್ಲ," ಎಂದಳು. "ಬಣ್ಣ. ಹಾಕಿದ್ದು ನಾನೇ. ಒರತೆಗೆ ಹಾಕಿದ್ದಲ್ಲ."

"ಮತ್ತೆಲ್ಲಿಗೆ?"

ಆಕೆ ಅಣ್ಣನ ಕಡೆ ನೋಡಿದಳು. ಅಣ್ಣ ನೆಲ ನೋಡುತ್ತಿದ್ದ.

"ನಿಮ್ಮ ದೊಡ್ಡಿ ಕಾಲುವೆಗೆ."

ಅಷ್ಟು ಜನ ನೆರೆದಿದ್ದರೂ ನಲ್ಲಿಯಿಂದ ನೀರು ತೊಟ್ಟಿಕ್ಕುವ ಸದ್ದು ಕೇಳಿಸಿತು. ದೊಡ್ಡಪ್ಪನಿಗೆ ತಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾದದ್ದು ಆಕೆಗೆ ಅವನ ಮುಖದಲ್ಲೇ ಕಾಣಿಸಿತು. ಅವನು ಕೈಯಲ್ಲಿದ್ದ ಚೊಂಬನ್ನು ನೋಡಿದ, ಕಟ್ಟೆಯ ಹತ್ತಿರ ಮಗುವನ್ನೆತ್ತಿಕೊಂಡು ನಿಂತ ಸೊಸೆಯನ್ನು ನೋಡಿದ. ಸೊಸೆ ಮಗುವಿನ ತಲೆಯನ್ನು ತನ್ನ ಹೆಗಲಿಗೊತ್ತಿಕೊಂಡು ಮನೆಯ ಕಡೆ ತಿರುಗಿದಳು. ಅವನು ಚೊಂಬನ್ನು ತೊಟ್ಟಿಯ ಕಟ್ಟೆಯ ಮೇಲಿಟ್ಟು ಅವಳ ಹಿಂದೆಯೇ ಹೋದ. ಕಮ್ಮಾರನೂ ದಾರಿ ಬಿಟ್ಟ.

ಅಂದು ದೊಡ್ಡಮ್ಮ ಊಟ ಬಡಿಸಿದಳು. ಗುಬ್ಬಿಯ ಮಾತು ಬರಲಿಲ್ಲ. ದೊಡ್ಡಪ್ಪ ಸೇರಿಕೊಂಡಿದ್ದ ಒಳಕೋಣೆಯ ಬಾಗಿಲು ಮುಚ್ಚಿತ್ತು. ಬೇರೆ ಮನೆಗೆ ಹೋಗುತ್ತೇವೆಂದು ಅಣ್ಣ ಎದ್ದುನಿಂತಾಗ, "ಬಂದೋರು ಬಂದ ಮನೆಯಿಂದಲೇ ಹೊರಡ್ಬೇಕು. ಕೂತ್ಕೊ," ಎಂದು ಗದರಿಸಿದಳು.

ಬೆಳಗ್ಗೆ ಗುಡ್ಡದ ಮೇಲಿಂದ ಕೊಡಲಿಯ ಸದ್ದು ಕೇಳಿಸಿತು. ಆಕೆ ಒಬ್ಬಳೇ ಹತ್ತಿ ಹೋದಳು. ಕುರಿಗಳನ್ನು ಆಚೆ ಕಟ್ಟಿಹಾಕಿ ದೊಡ್ಡಪ್ಪ ಬೇಲಿಯ ಕಂಬಗಳನ್ನು ಕೀಳುತ್ತಿದ್ದ. ಆಕೆ ಬಂದದ್ದು ಗೊತ್ತಾದರೂ ತಿರುಗಲಿಲ್ಲ. ಒಂದು ಉದ್ದನೆಯ ತೊಲೆ ಅವನೊಬ್ಬನಿಂದ ಏಳಲಿಲ್ಲ. ಆಕೆ ಹೋಗಿ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಅದನ್ನು ಹೊತ್ತು ಬದಿಗಿಟ್ಟರು.

"ನಂಗೆ ಹೇಳ್ಬಾರ್ದಿತ್ತಾ?" ಎಂದ, ಬೆವರು ಒರೆಸಿಕೊಳ್ಳುತ್ತ. "ಒಂದು ಮಾತು. ಮನೇಲಿ, ನಾವು ನಾವೇ ಇದ್ದಾಗ."

"ಹೇಳ್ಬೇಕಿತ್ತು ದೊಡ್ಡಪ್ಪಾ. ತಪ್ಪಾಯ್ತು. ನೀವು ಬೇಜಾರು ಮಾಡ್ಕೋತೀರ ಅಂತ ಹೆದರಿದೆ."

"ಬೇಜಾರು ಮಾಡ್ಕೋತಿದ್ದೆ. ಕೂಗಾಡ್ತಿದ್ದೆ. ಸಂಜೆ ಹೊತ್ತಿಗೆ ಸರಿ ಹೋಗ್ತಿದ್ದೆ. ಈಗ ನೋಡು, ಕೂಗಾಡೋಕೂ ಬಾಯಿಲ್ಲ." ಕೊಡಲಿಯನ್ನು ನೆಲಕ್ಕೂರಿ ಮತ್ತೆ ಹೇಳಿದ, "ಆ ಮಗೂಗೆ ಸಂಕಟ ಆದಾಗೆಲ್ಲ, ತಾಜಾ ನೀರು ಕುಡಿಸಿ ಅಂತ ನಾನೇ ಹಿಡ್ಕೊಂಡು ಬರ್ತಿದ್ದೆ."

ಆಕೆ ಮುಂದಿನ ಕಂಬದ ಬುಡದ ಮಣ್ಣು ಬಿಡಿಸತೊಡಗಿದಳು. ಬಿಸಿಲೇರುವ ಹೊತ್ತಿಗೆ ಅಣ್ಣ ಬಂದ, ಅವನ ಹಿಂದೆ ಕಮ್ಮಾರ ಹಾರೆ ಹಿಡಿದು ಬಂದ. ಹಿಕ್ಕೆಯನ್ನೆಲ್ಲ ಹೊಲಗಳಿಗೆ ಸಾಗಿಸಿದರು, ಬಂಡೆಯ ಬಿರುಕಿಗೆ ಅಣ್ಣ ಸಿಮೆಂಟು ಮೆತ್ತಿದ, ಒರತೆಯ ಸುತ್ತ ಬೇಲಿ ಎದ್ದಿತು. ದೊಡ್ಡಿ ಗುಡ್ಡದ ಆಚೆ ಇಳಿಜಾರಿಗೆ ಹೋಯಿತು.

ಮಳೆಗಾಲ ಕಳೆದ ಮೇಲೆ ಆಕೆ ಅಣ್ಣನ ಜೊತೆ ಮತ್ತೆ ಬಂದಳು. ಈ ಸಲ ಯಾರೂ ಎಳೆದುಕೊಂಡು ಬರಬೇಕಾಗಲಿಲ್ಲ. ಶೀಶೆಗಳೆಲ್ಲ ತಿಳಿಯಾಗಿಯೇ ಉಳಿದವು. ಮಗು ಜಗಲಿಯ ಕಂಬ ಹಿಡಿದು ನಿಲ್ಲುತ್ತಿತ್ತು, ಕೈಬಿಟ್ಟು ಬೀಳುತ್ತಿತ್ತು, ಮತ್ತೆ ನಿಲ್ಲುತ್ತಿತ್ತು. ಸೊಸೆ ಮಾವನ ಜೊತೆ ಮಾತಾಡುತ್ತಿದ್ದಳು, ಆದರೆ ಅಳೆದು ತೂಗಿ. ದೊಡ್ಡಪ್ಪ ತುಸು ಬಗ್ಗಿದಂತೆ ಕಂಡ.

ನೀರು ಶುದ್ಧವಾಗಿದೆಯೆಂದು ಹೇಳಿದಾಗ ಅವನು ತಲೆಯಾಡಿಸಿ, "ಆಚೆ ಕಡೆ ಇಳಿಜಾರಿನ ಕೆಳಗೆ ಐದಾರು ಮನೆ ಇದಾವೆ. ಅವರಿಗೊಂದು ಬಾವಿ. ಈಗ ನನ್ನ ದೊಡ್ಡಿ ಅದರ ಮೇಲ್ಗಡೆ ಬರುತ್ತೆ. ದೂರ ಇದೆ, ಆದ್ರೂ..." ಎಂದು ಮಾತು ನಿಲ್ಲಿಸಿದ.

"ನೋಡ್ಬಿಡೋಣ," ಎಂದಳು ಆಕೆ.

ಊಟ ಮುಗಿಸಿ ಮೂವರೂ ಇಳಿಜಾರಿನಲ್ಲಿ ಇಳಿದರು. ಆ ಮನೆಗಳವರು ಚಾಪೆ ಹಾಸಿ ಕೂರಿಸಿದರು. ದೊಡ್ಡಪ್ಪ ತನ್ನ ಕುರಿಗಳ ವಿಷಯವನ್ನೂ ಮೊಮ್ಮಗಳ ವಿಷಯವನ್ನೂ ಏನನ್ನೂ ಮುಚ್ಚಿಡದೆ ಹೇಳಿದ. ಆ ಮನೆಗಳ ಹಿರಿಯಾಕೆ ಎಲ್ಲವನ್ನೂ ಕೇಳಿ, ಬಾವಿಯ ಹಗ್ಗವನ್ನು ಆಕೆಯ ಕೈಗೆ ಕೊಟ್ಟು, "ಪರೀಕ್ಷೆ ಮಾಡಮ್ಮಾ, ಬೇಡ ಅನ್ನಲ್ಲ. ಅದಿರ್ಲಿ, ನಮಗೆ ನಲ್ಲಿ ಯಾವಾಗ?" ಎಂದಳು.

ಅಣ್ಣ ಆಗಲೇ ಎದ್ದು, ಸೊಂಟಕ್ಕೆ ಕೈ ಕೊಟ್ಟು, ಗುಡ್ಡವನ್ನು ಕಣ್ಣಲ್ಲೇ ಅಳೆಯುತ್ತಿದ್ದ.