ಒಲೆ ಬಾಗಿಲಿನ ಹಗ್ಗ

ನಮ್ಮ ಹುಳದ ಮನೆಯಲ್ಲಿ ಮೂಗಿನ ಅಧಿಕಾರ ಅತ್ತೆಯದು. ಅತ್ತೆ ಅಕ್ಕಯಮ್ಮ ಹೊಸ್ತಿಲಲ್ಲಿ ನಿಂತು, ಉಸಿರೆಳೆದು, ತಲೆಯಾಡಿಸಿದ ಮೇಲೆಯೇ ಬೇರೆಯವರು ಒಳಗೆ ಹೋಗಬೇಕು. ರೇಷ್ಮೆ ಹುಳಕ್ಕೆ ಯಾವ ವಾಸನೆಯೂ ಆಗದು, ಹೊಗೆಯಂತೂ ವಿಷ. ಮದುವೆಯಾದ ಹೊಸದರಲ್ಲಿ ಮಲ್ಲಿಗೆ ಮುಡಿದು ಬಂದೆನೆಂದು ನನ್ನನ್ನು ಹೊಸ್ತಿಲಿನಿಂದಲೇ ವಾಪಸ್ ಕಳಿಸಿದ್ದರು. ಆ ಸಿಟ್ಟು ನನಗೆ ಪೂರ್ತಿ ಇಳಿದಿರಲಿಲ್ಲ.

ಈ ಸಲ ಧನುರ್ಮಾಸದಲ್ಲಿ ಹುಳ ನಾಲ್ಕನೇ ಜ್ವರಕ್ಕೆ ಕೂತವು. ಜ್ವರ ಎಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಮುಂಚಿನ ನಿದ್ದೆ. ಸೊಪ್ಪು ತಿನ್ನುವುದು ಬಿಟ್ಟು, ತಲೆ ಎತ್ತಿ, ಸಾವಿರಾರು ಹುಳ ಒಟ್ಟಿಗೆ ಸುಮ್ಮನಾಗುತ್ತವೆ. ಆಗ ನಾವೂ ಪಿಸುಮಾತಿಗೆ ಇಳಿಯುತ್ತೇವೆ. ಹೊರಗೆ ಮಂಜು ನಮ್ಮೂರು ಮಧುರೆಯ ಹಿಪ್ಪುನೇರಳೆ ತೋಟಗಳನ್ನೆಲ್ಲ ನುಂಗಿತ್ತು. ಒಳಗೆ ಕಬ್ಬಿಣದ ಸೌದೆ ಒಲೆಯ ಬಿಸಿಗೆ ನಿಂತಲ್ಲೇ ನನಗೆ ತೂಕಡಿಕೆ ಬಂತು.

ಎಚ್ಚರವಾದದ್ದು ಕಣ್ಣುರಿಗೆ. ಒಲೆ ಬಾಗಿಲಿನ ಸಂದಿಯಿಂದ ಹೊಗೆ ಎಳೆಎಳೆಯಾಗಿ ಏಳುತ್ತಿತ್ತು. ಹೊಗೆ ಹೊರಬರದಂತೆ ಬಾಗಿಲಿನ ಅಂಚಿಗೆ ಕೂರಿಸಿದ್ದ ಹಗ್ಗ ಪುಡಿಯಾಗಿತ್ತು. ಅತ್ತೆ ಆಗಷ್ಟೇ ಉಸಿರೆಳೆದು, ಎಲ್ಲ ಸರಿಯಿದೆ ಎಂದಿದ್ದರು. ನಾನು ಅವರ ಮುಖ ನೋಡಿದೆ. ಅವರು ನೆಲ ನೋಡಿದರು.

ಬೆಂಕಿ ಆರಿಸಿ ಕಿಟಕಿ ತೆಗೆದೆವು. ಸಂಜೆ ಚಳಿ ಇಳಿಯುವುದರೊಳಗೆ ಒಲೆ ಹೊತ್ತದಿದ್ದರೆ ಬೆಳೆ ಕೈಬಿಟ್ಟ ಹಾಗೆ. ನನ್ನ ಗಂಡ ಮುರಳಿ ದೊಡ್ಡಬಳ್ಳಾಪುರಕ್ಕೆ ಓಡಿ, ಬೆಂಕಿ ತಡೆಯುವ ಗಾಜಿನ ನೂಲಿನ ಹಗ್ಗವನ್ನೂ ಅಂಟನ್ನೂ ತಂದ. ಅಂಟಿನ ವಾಸನೆಯೂ ಹುಳಕ್ಕಾಗದು. ಹಾಗಾಗಿ ಬಾಗಿಲನ್ನು ಕೀಲಿನಿಂದ ಎತ್ತಿ ಅಂಗಳಕ್ಕೆ ತಂದು, ಅಲ್ಲೇ ಅಂಟಿಸಿ, ವಾಸನೆ ಹೋಗುವವರೆಗೆ ಸೌದೆ ಉರಿಯ ಮುಂದೆ ಕಾಯಿಸಬೇಕಾಯಿತು.

ಹಳೇ ಹಗ್ಗ ಕೆರೆಯುತ್ತ ಅತ್ತೆ ಬಾಯಿಬಿಟ್ಟರು.

"ನಂಗೆ ವಾಸ್ನೆ ಗೊತ್ತಾಗಲ್ಲ ಕಣೇ ಕವಿತಾ. ಕೊರೋನಾ ಬಂದಾಗ್ಲಿಂದ್ಲೂ ಹಿಂಗೇ. ಹೇಳಿದ್ರೆ ಹುಳದ ಮನೆಗೆ ಬಿಡಲ್ವೇನೋ ಅಂತ ಸುಮ್ನಿದ್ದೆ."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನನ್ನ ಕಾಲ ಬಂದಿತ್ತು, ನಾಲಿಗೆಯ ತುದಿಯಲ್ಲಿ ಮಾತೂ ಇತ್ತು. ಮಸಿ ಹಿಡಿದ ಆ ಬೆರಳುಗಳನ್ನು ನೋಡಿ, ನಾನೂ ಪಕ್ಕದಲ್ಲಿ ಕೂತು ಹಗ್ಗ ಕೆರೆಯತೊಡಗಿದೆ.

ಹೊತ್ತು ಇಳಿಯುವಾಗ ಬಾಗಿಲು ಕೂರಿಸಿದೆವು. ಬೆಂಕಿ ಹಾಕಿ ನೋಡೋಣ ಎಂದ ಮುರಳಿಯನ್ನು ತಡೆದೆ. ಸಂದಿಯಿದ್ದರೆ ಹೊಗೆ ಕುಡಿಯುವುದು ಹುಳ ತಾನೇ. ಒಂದು ಹಿಪ್ಪುನೇರಳೆ ಎಲೆಯನ್ನು ಅರ್ಧ ಒಳಗೆ, ಅರ್ಧ ಹೊರಗೆ ಇಟ್ಟು ಬಾಗಿಲು ಮುಚ್ಚಿ ಎಳೆದೆ. ಇಡಿಯಾಗಿ ಜಾರಿ ಬಂತು, ಸಂದಿ ಇನ್ನೂ ಇತ್ತು. ಚಿಲಕ ಬಿಗಿ ಮಾಡಿ ಮತ್ತೆ ಎಳೆದಾಗ ಎಲೆ ಹರಿಯಿತು. ಉಳಿದ ಎಲೆಗಳನ್ನು ಅತ್ತೆಯ ಕೈಗಿಟ್ಟೆ.

"ಸುತ್ತಾ ನೀವೇ ನೋಡಿ ಅತ್ತೆ. ನಿಮ್ಮ ಕೈ ಹೇಳಿದ್ಮೇಲೇ ಬೆಂಕಿ."

ಕಣ್ಣು ಮುಚ್ಚಿಕೊಂಡು, ಅಂಚಿನ ಉದ್ದಕ್ಕೂ ಒಂದೊಂದೇ ಎಲೆ ಎಳೆದರು. ಎಲ್ಲವೂ ಹರಿದವು. ಆಮೇಲೆ, ಮುಂಚಿನ ಹಾಗೆಯೇ, ತಲೆಯಾಡಿಸಿದರು.

ಒಲೆ ಹೊತ್ತಿತು, ಹೊಗೆಯ ಸುಳಿವಿಲ್ಲ. ಹೊರಗೆ ಮಂಜು ಮತ್ತೆ ಇಳಿಯುತ್ತಿತ್ತು. ಹೊಸ್ತಿಲಲ್ಲಿ ಅತ್ತೆ ಪಿಸುಗುಟ್ಟಿದರು.

"ಅವತ್ತು ನಿನ್ನ ವಾಪಸ್ ಕಳಿಸಿದ್ನಲ್ಲ, ಆ ಮಲ್ಲಿಗೆ ವಾಸ್ನೆ ಇನ್ನೂ ನೆನಪೈತೆ ಕಣೇ. ಬೇರೆ ಎಲ್ಲಾ ಮರ್ತೋಯ್ತು."

ನಾನು ಅವರ ಕೈ ಹಿಡಿದುಕೊಂಡೆ. ಒಳಗೆ ಹುಳ ಮಲಗಿದ್ದವು.