ಬಾಗಿದ ಊದುಗೊಳವೆ

ನಾನು ಒಂದು ಊದುಗೊಳವೆ. ವೆಲ್ಡಿಂಗ್ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ತೆಳು ಕಬ್ಬಿಣದ ಪೈಪನ್ನು ಮೊಳದುದ್ದಕ್ಕೆ ಕತ್ತರಿಸಿದಾಗ ಹುಟ್ಟಿದೆ. ಕತ್ತರಿಸಿದಾತ ಒಂದು ತುದಿಯನ್ನು ನುಣ್ಣಗೆ ಉಜ್ಜಿದ, ಇನ್ನೊಂದನ್ನು ಹಾಗೇ ಬಿಟ್ಟ. ಮನುಷ್ಯರ ಕೈಯನ್ನು ಪೂರ್ತಿ ನಂಬಬಾರದು ಅಂತ ಅವತ್ತೇ ಅನಿಸಿತು. ನನ್ನ ಸ್ವಭಾವವೇ ಅನುಮಾನದ್ದು, ಏನು ಮಾಡಲಿ?

ಸಂತೆಯಲ್ಲಿ ನನ್ನನ್ನು ಕೊಂಡವಳು ಬಾಳವ್ವ. ಮಗ ಫಕೀರಪ್ಪನ ಮದುವೆಯಾದ ಮೇಲೆ ಒಲೆಯ ಜತೆ ನಾನೂ ಸೊಸೆ ಹೊನ್ನವ್ವನ ಪಾಲಿಗೆ ಬಂದೆ. ಹೊನ್ನವ್ವ ಮೆತ್ತಗೆ ಎರಡು ಸಲ ಊದಿದರೆ ಸಾಕು, ಬೆಂಕಿ ಹತ್ತುತ್ತಿತ್ತು. ಅವಳೊಬ್ಬಳ ಮೇಲೆ ನನಗೆ ಅನುಮಾನ ಬರಲಿಲ್ಲ.

ಸಾರಿಗೆ ಉಪ್ಪು ಹೆಚ್ಚಾಯಿತು ಅಂತ ಫಕೀರಪ್ಪ ಒಂದು ದಿನ ನನ್ನನ್ನೇ ಎತ್ತಿಕೊಂಡು ಅವಳ ಬೆನ್ನಿಗೆ ಬಾರಿಸಿದ. ಮರುದಿನ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದು ನಗುನಗುತ್ತ ಮಾತಾಡಿದ. ಆ ನಗು ಕಂಡು ನನಗೆ ಇನ್ನಷ್ಟು ಹೆದರಿಕೆಯಾಯಿತು. ಸುಳ್ಳಾಗಲಿಲ್ಲ ನೋಡಿ, ಭಜಿ ತಂದ ವಾರದಲ್ಲೇ ಮತ್ತೆ ಕೈ ಎತ್ತಿದ. ಬಾಳವ್ವ ಸುಮ್ಮನೆ ಎದ್ದು ಹೊರಗಿನ ಕಟ್ಟೆಗೆ ಹೋಗಿ ಕೂರುತ್ತಿದ್ದಳು. ಕೊನೆಗೊಂದು ಮಧ್ಯಾಹ್ನ ಹೊನ್ನವ್ವ ಏಟಿಗೆ ಎಡಗೈ ಅಡ್ಡ ಹಿಡಿದಳು. ಅವಳ ಮುಂಗೈ ಮುರಿಯಿತು, ನಾನು ಬಾಗಿದೆ.

ಓಣಿ ಓಣಿ ತಿರುಗಿ ಬಳೆ ಮಾರುವ ದಾವಲಬಿಗೆ ಸುದ್ದಿ ಮುಟ್ಟಿತು. ಬಳೆ ಇಡಿಸುತ್ತ ಇಡಿಸುತ್ತ ಹೆಂಗಸರ ಕೈಮೇಲಿನ ಬಾಸುಂಡೆ ನೋಡಿ ಸಾಕಾಗಿಯೇ ಅವಳು ಸಂಘ ಕಟ್ಟಿದ್ದು. ಯಾರ ಮನೆಯಲ್ಲಿ ಹೊಡೆತ ನಡೆದರೂ ಎಂಟ್ಹತ್ತು ಹೆಂಗಸರು ಹೋಗಿ ಬಾಗಿಲಲ್ಲಿ ಕೂರುತ್ತಿದ್ದರು. ಅವರು ಬರುವುದು ಕಿಟಕಿಯಿಂದ ಕಂಡದ್ದೇ ಹೊನ್ನವ್ವ ಏನು ಮಾಡಿದಳು ಗೊತ್ತೇ? ಮನೆಗೆ ಮಂದಿ ಬಂದರು ಅಂತ ಒಂದೇ ಕೈಯಲ್ಲಿ ನೆಲದ ರಕ್ತ ಒರೆಸಿದಳು, ನನ್ನನ್ನು ಬೂದಿ ಹಾಕಿ ತಿಕ್ಕಿದಳು, ಚಹಾಕ್ಕೆ ಒಲೆ ಹಚ್ಚಿದಳು. ಕೇಳಿದರೆ ನಳದ ಹತ್ತಿರ ಜಾರಿ ಬಿದ್ದೆ ಅಂದಳು. ಸಾಕ್ಷಿಯನ್ನೆಲ್ಲ ತಾನೇ ತೊಳೆದುಬಿಟ್ಟಿದ್ದಳು, ಹುಚ್ಚಿ!

ದಾವಲಬಿ ಚಹಾ ಮುಟ್ಟಲಿಲ್ಲ. ನನ್ನನ್ನೇ ದಿಟ್ಟಿಸಿದಳು.

"ಊದಿದ್ರ ಕೊಳವಿ ಬಾಗತೈತೇನು, ಯವ್ವಾ?"

ಹೊನ್ನವ್ವ ಗಳಗಳನೆ ಅತ್ತಳು. ಅವಳನ್ನು ದವಾಖಾನೆಗೆ, ಅಲ್ಲಿಂದ ಸಂಘದ ಕೋಣೆಗೆ ಕರೆದೊಯ್ದರು. ನನ್ನನ್ನೂ ಒಯ್ದರು. ಹೊಡೆದ ವಸ್ತು ಹೊಡೆದವನ ಮನೆಯಲ್ಲಿ ಇರಕೂಡದು ಅನ್ನುವುದು ಅವರ ಕಟ್ಟಳೆ. ನನಗೋ ಅವರ ಮೇಲೂ ಗುಮಾನಿ. ನಾಲ್ಕು ದಿನ ಮರುಗಿ ಐದನೇ ದಿನ ತಿರುಗಿ ಕಳಿಸುತ್ತಾರೆ ಅಂದುಕೊಂಡೆ.

ಎರಡು ತಿಂಗಳಿಗೆ ಫಕೀರಪ್ಪ ಹಿರಿಯರನ್ನು ಮುಂದೆ ಮಾಡಿಕೊಂಡು ಬಂದ. ಸಿಟ್ಟಿನಲ್ಲಿ ಒಂದು ಸಣ್ಣ ಏಟು ಬಿತ್ತು, ಇನ್ನು ಮುಟ್ಟುವುದಿಲ್ಲ ಅಂದ. ಹಿರಿಯರು ಹೌದೌದು ಅಂದರು. ಹೊನ್ನವ್ವನ ಕೈಯಲ್ಲಿ ಆಗಲೇ ಬಟ್ಟೆಯ ಗಂಟಿತ್ತು. ನನ್ನ ಗುಮಾನಿಯೇ ನಿಜವಾಯಿತು ಅಂದುಕೊಂಡೆ. ದಾವಲಬಿ ನನ್ನನ್ನು ತಂದು ಅವನ ಕೈಗೆ ಕೊಟ್ಟಳು.

"ಸಣ್ಣ ಏಟಿಗೆ ಬಾಗೇತಿ. ಇಲ್ಲೇ ಕುಂತು ನೆಟ್ಟಗ ಮಾಡು, ಆಮೇಲೆ ಕರಕೊಂಡು ಹೋಗು."

ಅವನು ಮೊಣಕಾಲಿಗೆ ಒತ್ತಿ ನೋಡಿದ, ಆಗಲಿಲ್ಲ. ಹೊರಗಿಂದ ಕಲ್ಲು ತಂದು ಚಪ್ಪಡಿಯ ಮೇಲಿಟ್ಟು ಕುಟ್ಟತೊಡಗಿದ. ಹಿರಿಯರ ಕಣ್ಣೆಲ್ಲ ನನ್ನ ಮೇಲೆ. ಹತ್ತಿಪ್ಪತ್ತು ಏಟಿಗೆ ನೆಟ್ಟಗಾದೆ. ಬೆವರು ಒರೆಸಿಕೊಂಡು, ನೋಡ್ರಿ ಅಂತ ಎತ್ತಿ ತೋರಿಸಿದ.

"ಅದನ್ನಲ್ಲ, ಅಕೀನ್ನ ನೋಡ್ರಿ," ಅಂದಳು ದಾವಲಬಿ.

ಹೊನ್ನವ್ವ ಗೋಡೆಯ ಮೂಲೆಗೆ ಸರಿದು ಮುದುರಿಕೊಂಡಿದ್ದಳು. ಎರಡೂ ಕೈ ತಲೆಯ ಮೇಲಿದ್ದವು. ಕುಟ್ಟುವುದು ನಿಂತಿದ್ದರೂ ಅವಳ ಮೈ ಇನ್ನೂ ಬೆಚ್ಚುತ್ತಿತ್ತು. ಹಿರಿಯರು ತಲೆ ತಗ್ಗಿಸಿದರು. ಅವಳು ಮೆಲ್ಲಗೆ ಕೈ ಇಳಿಸಿದಳು.

"ನಾ ಬರಂಗಿಲ್ಲ."

ಆಮೇಲೆ ಯಾರೂ ಒತ್ತಾಯ ಮಾಡಲಿಲ್ಲ. ಹಿರಿಯರು ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಈಗ ನನಗೆ ವಯಸ್ಸಾಯಿತು. ಸಂಘದ ಕೋಣೆಯ ಒಲೆಯ ಪಕ್ಕದಲ್ಲಿದ್ದೇನೆ. ಹೊನ್ನವ್ವ ಅಲ್ಲೇ ಅಡುಗೆ ಮಾಡಿ ಖಾನಾವಳಿಗೆ ರೊಟ್ಟಿ ಕೊಡುತ್ತಾಳೆ. ಯಾರೇ ಹತ್ತಿರ ಬಂದರೂ ನಾನು ಮೊದಲು ಕೈ ನೋಡುತ್ತೇನೆ, ಆ ಚಟ ಸಾಯುವತನಕ ಹೋಗದು. ಕಲ್ಲಿನಿಂದ ಕುಟ್ಟಿದ ಜಾಗದಲ್ಲಿ ಸೀಳು ಬಿಟ್ಟು ಗಾಳಿ ಸೋರುತ್ತದೆ. ಹೊಸದೊಂದು ತಾ ಅಂತ ಎಲ್ಲರೂ ಹೇಳುತ್ತಾರೆ. ಹೊನ್ನವ್ವ ಕೇಳುವುದಿಲ್ಲ. ಸೀಳಿನ ಮೇಲೆ ಬೆರಳಿಟ್ಟು ಊದುತ್ತಾಳೆ.